ಮಂಡಿ ಬದಲಾವಣೆಯ ನಂತರ ಮತ್ತೆ ನಡೆಯುವುದು: ಮಲೆನಾಡಿನ ಮನೆಗಳಿಂದ ಪದೇ ಪದೇ ಬರುವ ಪ್ರಶ್ನೆಗಳು

ಶಿವಮೊಗ್ಗದಲ್ಲಿ ಫಿಸಿಯೋಥೆರಪಿ ಮಾಡುತ್ತ, ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಮನೆಗಳಿಗೂ ಹೋಗಿಬರುವ ನನಗೆ ಮಂಡಿ ಬದಲಾವಣೆ ಮಾಡಿಸಿಕೊಂಡವರೂ ಅವರ ಮನೆಯವರೂ ಎದುರಿಗೆ, ಫೋನಿನಲ್ಲಿ, ಕೆಲವೊಮ್ಮೆ ಕಾಗದ ಬರೆದು ಕೇಳಿದ ಪ್ರಶ್ನೆಗಳು ಇವು. ಪ್ರಶ್ನೆಗಳನ್ನು ಅವರವರ ಮಾತಿನಲ್ಲೇ ಇಟ್ಟಿದ್ದೇನೆ. ಉತ್ತರಗಳು ಹೆಚ್ಚಿನವರಿಗೆ ಅನ್ವಯಿಸುವಂಥವು. ನಿಮ್ಮ ಮಂಡಿಯನ್ನು ತೆರೆದು ನೋಡಿದ ಸರ್ಜನ್ ಬೇರೆ ಏನಾದರೂ ಹೇಳಿದ್ದರೆ ಅವರ ಮಾತನ್ನೇ ಅನುಸರಿಸಬೇಕು.

## ಮೊದಲ ದಿನಗಳು

ಇಡೀ ಮಂಡಿಯನ್ನೇ ತೆಗೆದು ಹೊಸದು ಹಾಕಿದ ಮೇಲೆ ಫಿಸಿಯೋಥೆರಪಿ ಯಾಕೆ ಬೇಕು?

ಇಡೀ ಮಂಡಿಯನ್ನು ಯಾರೂ ತೆಗೆಯುವುದಿಲ್ಲ. ತೊಡೆಮೂಳೆಯ ಕೆಳತುದಿಯಲ್ಲಿ ಮತ್ತು ಕೆಳಗಾಲಿನ ಮೂಳೆಯ ಮೇಲ್ತುದಿಯಲ್ಲಿ ಸವೆದುಹೋದ ಭಾಗವನ್ನು ಕೆಲವು ಮಿಲಿಮೀಟರಿನಷ್ಟು ಕತ್ತರಿಸಿ, ಅಲ್ಲಿ ಲೋಹದ ಹೊದಿಕೆ ಕೂರಿಸಿ, ನಡುವೆ ಪಾಲಿಎಥಿಲೀನ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ತಟ್ಟೆ ಇಡುತ್ತಾರೆ. ಮಂಡಿಯ ಎರಡು ಪಕ್ಕದ ಅಸ್ಥಿರಜ್ಜುಗಳು, ತೊಡೆಯ ಸ್ನಾಯುಗಳು, ಚರ್ಮ, ನರ ಎಲ್ಲವೂ ನಿಮ್ಮವೇ, ಹಳೆಯವೇ. ವರ್ಷಗಟ್ಟಲೆ ನೋವಿಗೆ ಹೆದರಿ ಕಾಲನ್ನು ಕಾಪಾಡಿಕೊಂಡು ನಡೆದುದರಿಂದ ಆ ಸ್ನಾಯುಗಳು ಮೊದಲೇ ಸೊರಗಿರುತ್ತವೆ; ಶಸ್ತ್ರಚಿಕಿತ್ಸೆಯ ನಂತರದ ಮೊದಲ ತಿಂಗಳಲ್ಲಿ ತೊಡೆಯ ಮುಂಭಾಗದ ಸ್ನಾಯು ಉಳಿದಿದ್ದ ಬಲದಲ್ಲೂ ಅರ್ಧಕ್ಕಿಂತ ಹೆಚ್ಚನ್ನು ಕಳೆದುಕೊಳ್ಳುತ್ತದೆ. ಹೊಸ ಕೀಲು ಸರಾಗವಾಗಿ ಆಡಬಲ್ಲದು, ಆದರೆ ಅದನ್ನು ಆಡಿಸುವ ಸ್ನಾಯುವಿಗೆ ಬಲ ತುಂಬುವ ಕೆಲಸ ಆಪರೇಷನ್ ಥಿಯೇಟರಿನಲ್ಲಿ ಆಗುವಂಥದ್ದಲ್ಲ.

ಮಾರನೇ ದಿನವೇ ಎಬ್ಬಿಸಿ ನಡೆಸ್ತಿದ್ದಾರೆ. ಹಾಕಿದ್ದು ಸಡಿಲ ಆಗೋದಿಲ್ವಾ?

ಆಗುವುದಿಲ್ಲ. ಕೀಲನ್ನು ಮೂಳೆಗೆ ಅಂಟಿಸುವ ಸಿಮೆಂಟು ಆಪರೇಷನ್ ಮೇಜಿನ ಮೇಲೆ ನೀವು ಮಲಗಿರುವಾಗಲೇ, ಹೆಚ್ಚೆಂದರೆ ಕಾಲುಗಂಟೆಯೊಳಗೆ ಗಟ್ಟಿಯಾಗಿರುತ್ತದೆ. ಆದ್ದರಿಂದ ಅದೇ ದಿನ ಸಂಜೆ ಅಥವಾ ಮರುದಿನ ವಾಕರ್ ಹಿಡಿದು ಕಾಲೂರಲು ಹೇಳುತ್ತಾರೆ. ಬೇಗ ಎದ್ದವರಲ್ಲಿ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಕಡಿಮೆ, ಶ್ವಾಸಕೋಶದಲ್ಲಿ ಕಫ ಕಟ್ಟುವುದು ಕಡಿಮೆ, ಮಲಬದ್ಧತೆಯೂ ಕಡಿಮೆ. ಮೊದಲು ವಾಕರ್ ಮುಂದಿಡಬೇಕು, ನಂತರ ಆಪರೇಷನ್ ಆದ ಕಾಲು, ಆಮೇಲೆ ಒಳ್ಳೆಯ ಕಾಲು. ಹಿಮ್ಮಡಿ ಮೊದಲು ನೆಲ ಮುಟ್ಟಬೇಕು. ಬೆರಳ ತುದಿಯಲ್ಲಿ ನಡೆಯುವ ಅಭ್ಯಾಸ ಮೊದಲ ದಿನವೇ ಅಂಟಿಕೊಂಡರೆ ಬಿಡಿಸುವುದು ಕಷ್ಟ. ಮೂಳೆ ಬಿರುಕು ಬಿಟ್ಟಿದ್ದರೆ ಅಥವಾ ಮೂಳೆ ಕಸಿ ಮಾಡಿದ್ದರೆ ಮಾತ್ರ ಭಾರ ಹಾಕುವುದಕ್ಕೆ ಮಿತಿ ಹೇಳುವುದುಂಟು.

ಮಂಡಿ ಕೆಳಗೆ ಒಂದು ದಿಂಬು ಇಟ್ರೆ ಅಮ್ಮನಿಗೆ ಹಾಯಾಗಿರತ್ತೆ. ಇಡಬಹುದಲ್ವಾ?

ದಯವಿಟ್ಟು ಇಡಬೇಡಿ. ಈ ಪುಟದಲ್ಲಿ ಒಂದೇ ಉತ್ತರ ಓದುತ್ತೀರಾದರೆ ಇದನ್ನೇ ಓದಿ ಎನ್ನುತ್ತೇನೆ.

ಊದಿಕೊಂಡ ಮಂಡಿಗೆ ಸ್ವಲ್ಪ ಬಾಗಿದ ಭಂಗಿಯಲ್ಲೇ ಹಾಯೆನಿಸುತ್ತದೆ, ಏಕೆಂದರೆ ಆ ಭಂಗಿಯಲ್ಲಿ ಕೀಲಿನೊಳಗಿನ ನೀರಿಗೆ ಹೆಚ್ಚು ಜಾಗ ಸಿಗುತ್ತದೆ. ದಿಂಬು ಇಟ್ಟು ದಿನವಿಡೀ ಹಾಗೆಯೇ ಮಲಗಿದರೆ ಮಂಡಿಯ ಹಿಂಭಾಗದ ಅಂಗಾಂಶ ಅಷ್ಟಕ್ಕೇ ಕುಗ್ಗಿ ಗಟ್ಟಿಯಾಗುತ್ತದೆ, ಕಾಲು ಪೂರ್ತಿ ನೆಟ್ಟಗಾಗದೆ ನಿಲ್ಲುತ್ತದೆ. ನೆಟ್ಟಗಾಗದ ಮಂಡಿಯ ಮೇಲೆ ನಿಂತವರ ತೊಡೆಯ ಸ್ನಾಯು ಸದಾ ಬಿಗಿದೇ ಇರಬೇಕಾಗುತ್ತದೆ. ಸ್ವಲ್ಪ ದೂರ ನಡೆದರೂ ಆಯಾಸ, ಆ ಕಾಲು ಗಿಡ್ಡವಾದಂತೆ ಕುಂಟು, ಕೆಲವು ತಿಂಗಳಲ್ಲಿ ಸೊಂಟನೋವು.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ನಾನು ಈ ಕೆಲಸಕ್ಕೆ ಬಂದ ಹೊಸದರಲ್ಲಿ ಒಬ್ಬ ಹಿರಿಯರ ಮಂಡಿ ಮೂರನೆಯ ವಾರಕ್ಕೇ 105 ಡಿಗ್ರಿ (ಕಾಲು ಪೂರ್ತಿ ನೆಟ್ಟಗಿದ್ದರೆ ಸೊನ್ನೆ ಎಂಬ ಲೆಕ್ಕದಲ್ಲಿ) ಬಾಗಿತೆಂದು ಅವರೊಂದಿಗೆ ನಾನೂ ಸಂತೋಷಪಟ್ಟೆ, ನೆಟ್ಟಗಾಗುತ್ತಿದೆಯೇ ಎಂದು ಅಳೆಯುವುದನ್ನು ಹಗುರವಾಗಿ ತೆಗೆದುಕೊಂಡೆ. ನಾಲ್ಕು ತಿಂಗಳ ನಂತರ ಅವರು ಜಗಲಿಯಿಂದ ಇಳಿದು ಬರುವಾಗ ಹಿಮ್ಮಡಿ ನೆಲಕ್ಕೆ ತಾಗುತ್ತಲೇ ಇರಲಿಲ್ಲ. ಮಂಡಿ ನೆಟ್ಟಗಾಗಲು ಉಳಿದಿದ್ದ ಹತ್ತು ಡಿಗ್ರಿ ಆಮೇಲೆ ಪೂರ್ತಿಯಾಗಿ ಬರಲೇ ಇಲ್ಲ. ಅಂದಿನಿಂದ ನಾನು ಮೊದಲು ಅಳೆಯುವುದು ಮಂಡಿ ಎಷ್ಟು ನೆಟ್ಟಗಾಗಿದೆ ಎಂಬುದನ್ನು, ಆಮೇಲೆ ಎಷ್ಟು ಬಾಗಿದೆ ಎಂಬುದನ್ನು.

ಮಾಡಬೇಕಾದದ್ದು ಇಷ್ಟು. ಟವೆಲನ್ನು ಬಿಗಿಯಾಗಿ ಸುರುಳಿ ಸುತ್ತಿ ಹಿಮ್ಮಡಿಯ ಕೆಳಗೆ ಇಟ್ಟು, ಮಂಡಿಯ ಕೆಳಗೆ ಏನೂ ಇಲ್ಲದಂತೆ ಕಾಲನ್ನು ಸಡಿಲ ಬಿಡಬೇಕು. ಐದು ನಿಮಿಷದಿಂದ ಶುರುಮಾಡಿ ಹತ್ತು ಹದಿನೈದು ನಿಮಿಷದವರೆಗೆ, ದಿನಕ್ಕೆ ಮೂರು ನಾಲ್ಕು ಬಾರಿ. ಮನೆಯವರೇ ಪರೀಕ್ಷಿಸುವುದಾದರೆ, ಗಟ್ಟಿ ಹಾಸಿಗೆಯ ಮೇಲೆ ಕಾಲು ಚಾಚಿ ಮಲಗಿಸಿ ಎರಡೂ ಮಂಡಿಗಳ ಕೆಳಗೆ ಅಂಗೈ ತೂರಿಸಿ ನೋಡಿ. ಆಪರೇಷನ್ ಆದ ಕಡೆ ಕೈ ಸುಲಭವಾಗಿ ಹಾದು, ಇನ್ನೊಂದು ಕಡೆ ಬಿಗಿಯಾದರೆ, ಆ ಕಾಲು ಇನ್ನೂ ನೆಟ್ಟಗಾಗಬೇಕಿದೆ. ಕಾಲನ್ನು ಎತ್ತರದಲ್ಲಿಡಲು ದಿಂಬು ಬೇಕೇ ಬೇಕೆಂದಾದರೆ ಅದು ಹಿಮ್ಮಡಿ ಮತ್ತು ಮೀನಖಂಡದ ಕೆಳಗಿರಲಿ.

ದಿನಕ್ಕೆ ಯಾವ ಯಾವ ವ್ಯಾಯಾಮ, ಎಷ್ಟು ಸಲ ಮಾಡ್ಬೇಕು?

ಮೊದಲ ದಿನದಿಂದಲೇ ಪಾದವನ್ನು ಮೇಲೆ ಕೆಳಗೆ ಆಡಿಸುವುದು, ಎಚ್ಚರವಿದ್ದಷ್ಟೂ ಹೊತ್ತು, ಗಂಟೆಗೆ ಹತ್ತಿಪ್ಪತ್ತು ಸಲ. ಮೀನಖಂಡದ ಸ್ನಾಯು ಹಿಂಡಿದಾಗ ರಕ್ತ ಮೇಲಕ್ಕೆ ಹರಿಯುತ್ತದೆ. ಅದರ ಜೊತೆಗೆ, ಕಾಲು ಚಾಚಿಕೊಂಡು ಮಂಡಿಯನ್ನು ಹಾಸಿಗೆಗೆ ಒತ್ತಿ ತೊಡೆಯನ್ನು ಬಿಗಿಹಿಡಿದು ಐದು ಎಣಿಸಿ ಬಿಡುವುದು. ಇದು ನೋಡಲು ಏನೂ ಅಲ್ಲದಂತೆ ಕಾಣುತ್ತದೆ, ಆದರೆ ಮಲಗಿಬಿಟ್ಟ ತೊಡೆಯ ಸ್ನಾಯುವನ್ನು ಎಬ್ಬಿಸುವುದು ಇದೇ. ಅದು ಎದ್ದ ಮೇಲೆ ಮಂಡಿ ಬಾಗಿಸದೆ ಇಡೀ ಕಾಲನ್ನು ಒಂದಡಿ ಎತ್ತಿ ನಿಧಾನವಾಗಿ ಇಳಿಸುವುದು.

ಬಾಗುವಿಕೆಗೆ ಹಿಮ್ಮಡಿ ಜಾರಿಸುವ ವ್ಯಾಯಾಮ. ಮಲಗಿ ಅಥವಾ ಕುರ್ಚಿಯಲ್ಲಿ ಕುಳಿತು ಹಿಮ್ಮಡಿಯನ್ನು ಹಿಂದಕ್ಕೆ ಎಳೆದುಕೊಳ್ಳಬೇಕು, ಬಿಗಿತ ಸಿಕ್ಕಲ್ಲಿ ಹತ್ತು ಎಣಿಸಿ ಮುಂದಕ್ಕೆ ಬಿಡಬೇಕು. ಪಾದ ಜಾರಲು ಪ್ಲಾಸ್ಟಿಕ್ ಹಾಳೆ ಕೊಳ್ಳಬೇಕೇ ಎಂದು ಕೇಳುತ್ತಾರೆ. ನಮ್ಮ ಮನೆಗಳಲ್ಲಿ ಅಡಿಕೆ ಹಾಳೆಗೆ ಬರವಿಲ್ಲ. ಅಂಗೈಗಿಂತ ಸ್ವಲ್ಪ ದೊಡ್ಡ ತುಂಡು ಕತ್ತರಿಸಿ, ನುಣುಪಾದ ಮೈ ನೆಲಕ್ಕೆ ಬರುವಂತೆ ಹಿಮ್ಮಡಿಯ ಕೆಳಗೆ ಇಟ್ಟುಕೊಂಡರೆ ಅದಕ್ಕಿಂತ ಚೆನ್ನಾಗಿ ಜಾರುವುದು ಬೇರೊಂದಿಲ್ಲ. ಕುಳಿತು ಮಾಡುವಾಗ ಮಾತ್ರ. ಅದರ ಮೇಲೆ ಕಾಲಿಟ್ಟು ಎದ್ದು ನಿಲ್ಲಬಾರದು. ತೀರ್ಥಹಳ್ಳಿ ಹತ್ತಿರದ ಒಂದು ಮನೆಯಲ್ಲಿ ಅಜ್ಜಿಯೊಬ್ಬರು ಕೆಂಪು ಗಾರೆ ನೆಲದ ಮೇಲೆ ಕುರ್ಚಿಯ ನಾಲ್ಕು ಕಾಲುಗಳ ಜಾಗವನ್ನು ಸೀಮೆಸುಣ್ಣದಿಂದ ಗುರುತು ಮಾಡಿ, ಪ್ರತಿ ಸಂಜೆ ಹಿಮ್ಮಡಿ ಎಲ್ಲಿಯವರೆಗೆ ಬಂತೋ ಅಲ್ಲಿ ಒಂದು ಗೆರೆ ಎಳೆಸುತ್ತಿದ್ದರು. ಇಪ್ಪತ್ತೆರಡು ಗೆರೆಗಳಲ್ಲಿ ನಾಲ್ಕು ಕಡೆ ಗೆರೆ ಹಿಂದಿನ ದಿನದ್ದಕ್ಕಿಂತ ಈಚೆಗೇ ಇತ್ತು. ಚೇತರಿಕೆ ನಿಜವಾಗಿ ಕಾಣುವುದು ಹೀಗೆಯೇ, ಒಂದು ದಿನ ಹಿಂದೆ ಬಂದರೆ ಹೆದರಬೇಕಾಗಿಲ್ಲ.

ಪ್ರತಿಯೊಂದನ್ನೂ ಹತ್ತು ಹದಿನೈದು ಸಲದಂತೆ ದಿನಕ್ಕೆ ಮೂರು ಹೊತ್ತು ಮಾಡಿದರೆ ಸಾಕು. ಒಂದೇ ಹೊತ್ತಿನಲ್ಲಿ ಒಂದು ಗಂಟೆ ಮಾಡಿ ಉಳಿದ ದಿನವೆಲ್ಲ ಮಲಗುವುದಕ್ಕಿಂತ, ಕಾಫಿ, ಊಟ, ದೀಪ ಹಚ್ಚುವ ಹೊತ್ತುಗಳಿಗೆ ಜೋಡಿಸಿಕೊಂಡು ಇಪ್ಪತ್ತು ನಿಮಿಷದಂತೆ ಮಾಡುವುದು ಮೇಲು.

ಅಪ್ಪಯ್ಯ ನೋವಿನ ಮಾತ್ರೆ ಬೇಡ, ತಡ್ಕೊಳ್ತೀನಿ ಅಂತಾರೆ. ಬಿಟ್ರೆ ಏನಾಗತ್ತೆ?

ನೋವು ತಡೆದುಕೊಳ್ಳುವವರು ಕಾಲನ್ನೂ ಆಡಿಸದೆ ಹಿಡಿದುಕೊಳ್ಳುತ್ತಾರೆ. ತೊಂದರೆ ಇರುವುದು ಅಲ್ಲಿ. ಮೊದಲ ಎರಡು ಮೂರು ವಾರ ಡಾಕ್ಟರು ಬರೆದ ಮಾತ್ರೆಯನ್ನು ವ್ಯಾಯಾಮಕ್ಕೆ ಅರ್ಧದಿಂದ ಮುಕ್ಕಾಲು ಗಂಟೆ ಮೊದಲು ತೆಗೆದುಕೊಂಡರೆ ಮಂಡಿ ಹೆಚ್ಚು ಬಾಗುತ್ತದೆ. ಕಿಡ್ನಿ ತೊಂದರೆ, ಹೊಟ್ಟೆ ಹುಣ್ಣು ಇರುವವರು ಅಂಗಡಿಯಲ್ಲಿ ಕೇಳಿ ತಂದ ಮಾತ್ರೆ ನುಂಗಬಾರದು. ರಕ್ತ ಹೆಪ್ಪುಗಟ್ಟದಂತೆ ಕೊಟ್ಟ ಮಾತ್ರೆ ಬೇರೆಯೇ. ಅದನ್ನು ನೋವಿನ ಮಾತ್ರೆ ಎಂದುಕೊಂಡು ನಿಲ್ಲಿಸಿದವರನ್ನು ಕಂಡಿದ್ದೇನೆ. ಚೀಟಿ ನೋಡಿ ಎರಡನ್ನೂ ಬೇರೆ ಬೇರೆ ಡಬ್ಬಿಯಲ್ಲಿಡಿ.

ಐಸ್ ಇಡ್ಬೇಕಾ, ಬಿಸಿನೀರಿನ ಶಾಖ ಕೊಡ್ಬೇಕಾ? ಎಣ್ಣೆ ತಿಕ್ಕಬಹುದಾ?

ಮೊದಲ ವಾರಗಳಲ್ಲಿ ಐಸ್. ತೆಳುಬಟ್ಟೆಯಲ್ಲಿ ಸುತ್ತಿ ಹದಿನೈದರಿಂದ ಇಪ್ಪತ್ತು ನಿಮಿಷ, ಮುಖ್ಯವಾಗಿ ವ್ಯಾಯಾಮ ಮುಗಿದ ಮೇಲೆ. ಚರ್ಮಕ್ಕೆ ನೇರವಾಗಿ ಇಡಬಾರದು. ಆಗಷ್ಟೇ ಊದಿಕೊಂಡಿರುವ ಮಂಡಿಗೆ ಬಿಸಿ ಶಾಖ ಕೊಟ್ಟರೆ ಊತ ಹೆಚ್ಚುತ್ತದೆ. ಹಂಡೆ ಒಲೆಯ ಸುಡುನೀರನ್ನು ಮಂಡಿಗೆ ಹೊಯ್ದುಕೊಳ್ಳುವುದು ನಮ್ಮ ಕಡೆ ಎಲ್ಲ ನೋವಿಗೂ ಮದ್ದು, ಆದರೆ ಈ ಮಂಡಿಯ ಹೊಲಿಗೆಯ ಸುತ್ತ ಚರ್ಮಕ್ಕೆ ಸ್ಪರ್ಶ ಕಡಿಮೆಯಿರುವುದರಿಂದ ಸುಟ್ಟರೂ ತಿಳಿಯದೆ ಹೋಗಬಹುದು. ಹೊಲಿಗೆ ಅಥವಾ ಪಿನ್ನುಗಳನ್ನು ಸಾಮಾನ್ಯವಾಗಿ ಎರಡು ವಾರದ ಆಸುಪಾಸಿನಲ್ಲಿ ತೆಗೆಯುತ್ತಾರೆ. ಗಾಯ ಪೂರ್ತಿ ಒಣಗಿ ಹಕ್ಕಳೆ ಉದುರಿದ ಮೇಲೆ ಕೊಬ್ಬರಿ ಎಣ್ಣೆ ಹಚ್ಚಿ ಬೆರಳ ತುದಿಯಿಂದ ಕಲೆಯ ಗುಂಟ ಮೃದುವಾಗಿ ಸವರಬಹುದು, ಚರ್ಮ ಅಂಟಿಕೊಳ್ಳದಿರಲು ಅದು ಒಳ್ಳೆಯದು. ಗಾಯ ಹಸಿಯಿರುವಾಗ ಎಣ್ಣೆ, ಸೊಪ್ಪಿನ ಲೇಪ, ಅರಿಸಿನ ಯಾವುದೂ ಬೇಡ. ಮಂಡಿಯನ್ನು ಬಲವಾಗಿ ತಿಕ್ಕಿ ಎಳೆಯುವವರ ಕೈಗೆ ಎಂದಿಗೂ ಕೊಡಬೇಡಿ.

ರಾತ್ರಿ ನಿದ್ದೆನೇ ಬರಲ್ಲ. ಯಾಕಾದ್ರೂ ಮಾಡಿಸ್ಕೊಂಡೆನೋ ಅನ್ನಿಸ್ತಿದೆ.

ಎರಡನೆಯ ವಾರದಿಂದ ಐದನೆಯ ವಾರದ ನಡುವೆ ಈ ಮಾತನ್ನು ಬಹುಪಾಲು ಎಲ್ಲರ ಬಾಯಿಂದಲೂ ಕೇಳಿದ್ದೇನೆ, ಮುಂದೆ ತುಂಬ ಚೆನ್ನಾಗಿ ನಡೆದಾಡಿದವರಿಂದಲೂ. ಹಗಲಿನ ಓಡಾಟ ನಿಂತ ಮೇಲೆ ರಾತ್ರಿ ಮಂಡಿ ಬಿಗಿಯುತ್ತದೆ, ಮಿಡಿಯುತ್ತದೆ. ಮಲಗುವ ಮುನ್ನ ಐಸ್ ಇಟ್ಟು, ಎರಡು ನಿಮಿಷ ಮಂಡಿ ಆಡಿಸಿ, ಪಕ್ಕಕ್ಕೆ ಮಲಗುವುದಾದರೆ ಎರಡು ಕಾಲುಗಳ ನಡುವೆ ದಿಂಬು ಇಟ್ಟುಕೊಳ್ಳಿ. ರಾತ್ರಿಯ ನೋವಿನ ಮಾತ್ರೆಯ ಹೊತ್ತನ್ನು ಹೊಂದಿಸಿಕೊಡಲು ಡಾಕ್ಟರನ್ನು ಕೇಳಿ. ಮನೆಯವರಲ್ಲಿ ನನ್ನ ವಿನಂತಿ: "ಪಕ್ಕದ ಮನೆಯವರು ಹದಿನೈದೇ ದಿನಕ್ಕೆ ಪೇಟೆಗೆ ಹೋದರು" ಎಂಬಂಥ ಹೋಲಿಕೆಯನ್ನು ಇವರ ಮುಂದೆ ಎತ್ತಬೇಡಿ.

## ಮನೆಯೊಳಗೆ

ಡಿಸ್ಚಾರ್ಜ್ ಆಗಿ ಬರೋ ಮೊದಲು ಮನೆಯಲ್ಲಿ ಏನೇನು ಸರಿ ಮಾಡಿಟ್ಕೋಬೇಕು?

ಮಲೆನಾಡಿನ ಹಳೆಯ ಮನೆಗಳು ಹೊಸ ಮಂಡಿಗೆ ಸುಲಭವಲ್ಲ. ಜಗಲಿಗೆ ಎತ್ತರದ ಮೆಟ್ಟಿಲು, ಪ್ರತಿ ಬಾಗಿಲಿಗೂ ಹೊಸ್ತಿಲು, ದೂರದ ಬಚ್ಚಲು, ಅದಕ್ಕೂ ದೂರದ ಪಾಯಿಖಾನೆ. ಎಲ್ಲವನ್ನೂ ಒಡೆದು ಕಟ್ಟಬೇಕಾಗಿಲ್ಲ, ಆದರೆ ಕೆಲವನ್ನು ಮೊದಲೇ ಮಾಡಿಟ್ಟರೆ ಬೀಳುವುದು ತಪ್ಪುತ್ತದೆ.

ಬಚ್ಚಲಿನಿಂದ ಶುರುಮಾಡಿ. ಪಾಚಿ ಕಟ್ಟಿದ ಕಲ್ಲನ್ನು ಉಜ್ಜಿ ತೊಳೆದು, ಒರಟು ಮ್ಯಾಟ್ ಹಾಸಿ, ಗೋಡೆಗೆ ಕಬ್ಬಿಣದ ಹಿಡಿಕೆ ಹೊಡೆಸಿ, ಸ್ನಾನಕ್ಕೆ ಪ್ಲಾಸ್ಟಿಕ್ ಕುರ್ಚಿ ಇಡಿ. ನೆಲಮಟ್ಟದ ಪಾಯಿಖಾನೆಯಾದರೆ ಅದರ ಮೇಲೆ ಇಡುವ ಕಮೋಡ್ ಕುರ್ಚಿ ಶಿವಮೊಗ್ಗದ ಸರ್ಜಿಕಲ್ ಅಂಗಡಿಗಳಲ್ಲಿ ಸಿಗುತ್ತದೆ. ಆಪರೇಷನ್‌ಗೆ ಹೋಗುವ ಮೊದಲೇ ತಂದಿಡಿ, ಮನೆಗೆ ಬಂದ ದಿನ ರಾತ್ರಿ ಅದನ್ನು ಹುಡುಕಿಕೊಂಡು ಓಡುವಂತಾಗಬಾರದು. ಹಾಸಿಗೆ ನೆಲದ ಮೇಲಿದ್ದರೆ ಮಂಚಕ್ಕೆ ಬರಬೇಕು. ಕೂರುವ ಕುರ್ಚಿಗೆ ಕೈಗಳಿರಬೇಕು, ಕುಳಿತಾಗ ಸೊಂಟ ಮಂಡಿಗಿಂತ ತುಸು ಮೇಲಿರುವಷ್ಟು ಎತ್ತರವಿರಬೇಕು. ನೆಲದ ಮೇಲಿನ ಚಾಪೆ, ಕಾಲೊರೆಸುವ ಗೋಣಿ ಎಲ್ಲವನ್ನೂ ಎತ್ತಿಡಿ. ರಾತ್ರಿ ಕರೆಂಟು ಹೋಗುವ ಊರಾದ್ದರಿಂದ ದಿಂಬಿನ ಪಕ್ಕ ಬ್ಯಾಟರಿ ಇರಲಿ.

ಆಪರೇಷನ್ ದಿನವನ್ನು ಆರಿಸಿಕೊಳ್ಳುವ ಅವಕಾಶವಿದ್ದರೆ, ಅಡಿಕೆಯ ಕೊನೆಕೊಯ್ಲು ಮುಗಿಸಿ ಜನವರಿ ಫೆಬ್ರವರಿಯ ಹೊತ್ತಿಗೆ ಮಾಡಿಸಿಕೊಳ್ಳಿ ಎಂಬುದು ನನ್ನ ಸಲಹೆ. ನಡೆದು ಕಲಿಯುವ ಮೂರು ತಿಂಗಳು ಅಂಗಳ ಒಣಗಿರುತ್ತದೆ. ಜೂನಿನಲ್ಲಿ ಮಾಡಿಸಿಕೊಂಡವರು ಆಗಸ್ಟಿನವರೆಗೆ ಜಗಲಿ ಇಳಿಯಲಾಗದೆ ಒಳಗೇ ಸುತ್ತುತ್ತಾರೆ, ಅಂಗಳಕ್ಕೆ ಹಾಸಿದ ಅಡಿಕೆ ದಬ್ಬೆಯ ಮೇಲೆ ವಾಕರಿನ ಕಾಲು ನಿಲ್ಲುವುದಿಲ್ಲ.

ಮೆಟ್ಟಿಲು ಹತ್ತೋವಾಗ ಯಾವ ಕಾಲು ಮೊದಲು?

ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು. ದೇಹವನ್ನು ಎತ್ತುವ ಕೆಲಸವೂ ತಡೆದು ಇಳಿಸುವ ಕೆಲಸವೂ ಹೀಗೆ ಬಲವಿರುವ ಕಾಲಿಗೇ ಬೀಳುತ್ತದೆ. ಒಂದು ಕೈ ಗೋಡೆ ಅಥವಾ ಸರಳಿನ ಮೇಲಿರಲಿ. ಒಂದೊಂದು ಮೆಟ್ಟಿಲಿಗೆ ಒಂದೊಂದು ಕಾಲಿಟ್ಟು ಸಹಜವಾಗಿ ಹತ್ತಿಳಿಯುವುದು ತೊಡೆಗೆ ಬಲ ಬಂದ ಮೇಲೆ, ಸಾಮಾನ್ಯವಾಗಿ ಎರಡು ಮೂರು ತಿಂಗಳಿಗೆ. ಹತ್ತುವುದಕ್ಕಿಂತ ಇಳಿಯುವುದು ತಡವಾಗಿ ಬರುತ್ತದೆ.

ವಾಕರ್ ಯಾವಾಗ ಬಿಡ್ಬೇಕು? ಕೋಲು ಯಾವ ಕೈಯಲ್ಲಿ ಹಿಡೀಬೇಕು?

ಕೋಲನ್ನು ಆಪರೇಷನ್ ಆದ ಕಾಲಿನ ಎದುರು ಕೈಯಲ್ಲಿ ಹಿಡಿಯಬೇಕು, ಬಲಮಂಡಿಯಾದರೆ ಎಡಗೈ. ಹೆಚ್ಚಿನವರು ನೋವಿರುವ ಕಡೆಯೇ ಹಿಡಿಯುತ್ತಾರೆ, ಆಗ ದೇಹ ಆ ಕಡೆಗೇ ವಾಲಿ ಮಂಡಿಗೆ ಭಾರ ಹೆಚ್ಚುತ್ತದೆ. ವಾಕರಿನಿಂದ ಕೋಲಿಗೆ ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರದಲ್ಲಿ, ಕೋಲನ್ನು ಬಿಡುವುದು ಆರು ವಾರದ ಸುಮಾರಿಗೆ. ದಿನ ಎಣಿಸುವುದಕ್ಕಿಂತ ನಡಿಗೆಯನ್ನು ನೋಡಿ ಹೇಳುತ್ತೇನೆ. ಕೋಲಿಲ್ಲದೆ ಕುಂಟುತ್ತಿದ್ದರೆ ಕೋಲು ಇನ್ನೂ ಬೇಕು, ಕುಂಟು ಅಭ್ಯಾಸವಾದರೆ ಬಲ ಬಂದ ಮೇಲೂ ಉಳಿದುಬಿಡುತ್ತದೆ.

ವಾರಕ್ಕೆ ಮೂರು ದಿನ ಶಿವಮೊಗ್ಗಕ್ಕೆ ಬರೋದು ನಮ್ಗೆ ಆಗಲ್ಲ. ಮನೆಯಲ್ಲೇ ಮಾಡಿದ್ರೆ ಸಾಕಾ?

ಸಾಗರದಿಂದಲೋ ತೀರ್ಥಹಳ್ಳಿಯಿಂದಲೋ ಅರವತ್ತು ಎಪ್ಪತ್ತು ಕಿಲೋಮೀಟರು ಬಂದು, ಅರ್ಧಗಂಟೆ ವ್ಯಾಯಾಮ ಮಾಡಿ, ಮತ್ತೆ ಅಷ್ಟೇ ದೂರ ಕುಳಿತು ಹೋಗುವಷ್ಟರಲ್ಲಿ ಮಂಡಿ ಇನ್ನಷ್ಟು ಊದಿರುತ್ತದೆ. ಹೇಳಿಕೊಟ್ಟದ್ದನ್ನು ಮನೆಯಲ್ಲಿ ನಿಷ್ಠೆಯಿಂದ ಮಾಡುವವರ ಫಲಿತಾಂಶ ದಿನವೂ ಬರುವವರಿಗಿಂತ ಕಡಿಮೆಯೇನಿರುವುದಿಲ್ಲ. ಆದರೆ ಎರಡು, ನಾಲ್ಕು, ಆರನೆಯ ವಾರಗಳಲ್ಲಿ ಒಮ್ಮೊಮ್ಮೆ ಯಾರಾದರೂ ಫಿಸಿಯೋಥೆರಪಿಸ್ಟ್ ಕೋನಮಾಪಕ ಹಿಡಿದು ಅಳೆಯಲೇಬೇಕು. ಆಸ್ಪತ್ರೆಯಿಂದ ಹೊರಡುವಾಗ ಮನೆಯವರಲ್ಲಿ ಒಬ್ಬರು, ಮಗನೋ ಸೊಸೆಯೋ, ಎಲ್ಲ ವ್ಯಾಯಾಮಗಳನ್ನೂ ನೋಡಿ, ತಾವೇ ಮಾಡಿಸಿ ಕಲಿತುಕೊಂಡು, ಮೊಬೈಲಿನಲ್ಲಿ ವಿಡಿಯೋ ಹಿಡಿದುಕೊಂಡು ಬನ್ನಿ.

## ಬಾಗುವಿಕೆ, ಊತ, ಆತಂಕ

ಎಷ್ಟು ಡಿಗ್ರಿ ಬಾಗಿದ್ರೆ ಸಾಕು?

ಸಮನೆಲದಲ್ಲಿ ನಡೆಯಲು 65–70 ಡಿಗ್ರಿ ಸಾಕು. ಮೆಟ್ಟಿಲಿಗೆ 85ರಿಂದ 100, ಕುರ್ಚಿಯಿಂದ ಕೈಯೂರದೆ ಏಳಲು 95–105 ಬೇಕು. ಆದ್ದರಿಂದ ಎರಡನೆಯ ವಾರದ ಕೊನೆಗೆ 90, ಆರು ವಾರಕ್ಕೆ 110ರ ಸುಮಾರು ಎಂಬ ಗುರಿ ಇಟ್ಟುಕೊಳ್ಳುತ್ತೇವೆ. ಕೊನೆಗೆ ಹೆಚ್ಚಿನವರದು 110ರಿಂದ 125ರ ನಡುವೆ ನಿಲ್ಲುತ್ತದೆ. ಆಪರೇಷನ್‌ಗೆ ಮೊದಲು ನಿಮ್ಮ ಮಂಡಿ ಎಷ್ಟು ಬಾಗುತ್ತಿತ್ತು ಎಂಬುದರ ಮೇಲೆ ಇದು ಬಹಳಷ್ಟು ನಿಂತಿದೆ. 80 ಡಿಗ್ರಿಗೆ ಬಿಗಿದುಹೋಗಿದ್ದ ಮಂಡಿಗೆ 105 ಬಂದರೆ ಅದು ದೊಡ್ಡ ಗೆಲುವು.

ಆರು ವಾರ ಆಯ್ತು, 80 ದಾಟ್ತಾನೇ ಇಲ್ಲ. ಮತ್ತೆ ಆಪರೇಷನ್ ಮಾಡ್ಬೇಕಂತಾ?

ಮೊದಲು ಕಾರಣ ಹುಡುಕಬೇಕು. ಊತ ಇಳಿಯದಿರುವುದೇ, ನೋವಿಗೆ ಹೆದರಿ ಸ್ನಾಯುವನ್ನು ಬಿಗಿಹಿಡಿಯುತ್ತಿರುವುದೇ, ಒಳಗೆ ಸೋಂಕಿದೆಯೇ, ಅಥವಾ ಗಾಯದ ಅಂಗಾಂಶ ಅತಿಯಾಗಿ ಬೆಳೆದು ಕಟ್ಟಿಹಾಕಿದೆಯೇ ಎಂದು ಸರ್ಜನ್ ನೋಡುತ್ತಾರೆ. ಕೊನೆಯ ಕಾರಣವಾಗಿದ್ದರೆ, ಅರಿವಳಿಕೆ ಕೊಟ್ಟು ಸ್ನಾಯುಗಳನ್ನು ಸಡಿಲಗೊಳಿಸಿ ಮಂಡಿಯನ್ನು ನಿಧಾನವಾಗಿ ಬಗ್ಗಿಸುವ ಕ್ರಮವಿದೆ. ಅದರಲ್ಲಿ ಚರ್ಮ ಕೊಯ್ಯುವುದಿಲ್ಲ. ಹನ್ನೆರಡು ವಾರದೊಳಗೆ ಮಾಡಿದರೆ ಫಲ ಹೆಚ್ಚು, ತಡವಾದಷ್ಟೂ ಅಂಗಾಂಶ ಗಟ್ಟಿಯಾಗುತ್ತದೆ. ಆದ್ದರಿಂದ "ಇನ್ನೊಂದು ತಿಂಗಳು ನೋಡೋಣ" ಎಂದು ಸುಮ್ಮನೆ ಕೂರಬೇಡಿ. ಅದಾದ ದಿನವೇ ವ್ಯಾಯಾಮ ಶುರುವಾಗಬೇಕು, ಇಲ್ಲವಾದರೆ ಸಿಕ್ಕಿದ್ದು ಒಂದು ವಾರದಲ್ಲಿ ಹೋಗುತ್ತದೆ. ಮನೆಯಲ್ಲಿ ಬಲವಂತವಾಗಿ ಇಬ್ಬರು ಹಿಡಿದು ಬಗ್ಗಿಸುವುದು ಇದಕ್ಕೆ ಬದಲಿಯಲ್ಲ. ಮೂಳೆ ಮುರಿಯಬಹುದು, ಸ್ನಾಯುರಜ್ಜು ಹರಿಯಬಹುದು.

ಕಾಲನ್ನ ತಾನಾಗಿ ಬಗ್ಗಿಸೋ ಯಂತ್ರ ಬಾಡಿಗೆಗೆ ತರಬೇಕಾ?

ಬೇಡ. ಆ ಯಂತ್ರದಿಂದ ಬಾಗುವಿಕೆಯಲ್ಲಿ ಹೇಳಿಕೊಳ್ಳುವಂಥ ಲಾಭ ಇಲ್ಲವೆಂದು ಅನೇಕ ಅಧ್ಯಯನಗಳು ಕಂಡಿವೆ. ಯಂತ್ರ ಬಗ್ಗಿಸುವಾಗ ನಿಮ್ಮ ಸ್ನಾಯು ಕೆಲಸ ಮಾಡುವುದಿಲ್ಲ. ಆ ಹಣದಲ್ಲಿ ಬಚ್ಚಲಿಗೆ ಹಿಡಿಕೆ ಹಾಕಿಸಿ.

ಮೂರು ತಿಂಗಳಾದ್ರೂ ಮಂಡಿ ಬಿಸಿಯಾಗೇ ಇದೆ, ಟಕ್ ಟಕ್ ಅಂತದೆ, ಹೊರಗಡೆ ಚರ್ಮ ಮರಗಟ್ಟಿದೆ.

ಮೂರೂ ಸಾಮಾನ್ಯ. ಬಿಸಿ ಮತ್ತು ಸ್ವಲ್ಪ ಊತ ಆರು ತಿಂಗಳವರೆಗೂ, ಕೆಲವರಲ್ಲಿ ಅದಕ್ಕಿಂತ ಹೆಚ್ಚು ಕಾಲವೂ ಇರುತ್ತದೆ. ಸಂಜೆ ಹೆಚ್ಚು, ಬೆಳಿಗ್ಗೆ ಕಡಿಮೆ. ಟಕ್ಕೆನ್ನುವುದು ಲೋಹ ಮತ್ತು ಪ್ಲಾಸ್ಟಿಕ್ ತಾಗುವ ಸದ್ದು, ಅದರೊಂದಿಗೆ ನೋವಿಲ್ಲದಿದ್ದರೆ ಚಿಂತೆ ಬೇಡ. ಮಂಡಿಯ ಮುಂದೆ ಕೊಯ್ಯುವಾಗ ಚರ್ಮಕ್ಕೆ ಹೋಗುವ ಸಣ್ಣ ನರದ ಕವಲು ತುಂಡಾಗುವುದರಿಂದ ಗಾಯದ ಹೊರಬದಿ ಮರಗಟ್ಟುತ್ತದೆ. ಆ ಜಾಗ ಕ್ರಮೇಣ ಚಿಕ್ಕದಾಗುತ್ತದೆ, ಪೂರ್ತಿ ಹೋಗದೆಯೂ ಇರಬಹುದು. ಹಿಂದಿನ ದಿನ ಹೆಚ್ಚು ಓಡಾಡಿ ಇಂದು ಊತ ಹೆಚ್ಚಿದ್ದರೆ ಒಂದು ದಿನ ನಡಿಗೆಯನ್ನು ಅರ್ಧಕ್ಕೆ ಇಳಿಸಿ. ಬಗ್ಗಿಸುವ, ನೆಟ್ಟಗೆ ಮಾಡುವ ವ್ಯಾಯಾಮ ಮಾತ್ರ ನಿಲ್ಲದಿರಲಿ.

ಯಾವುದು ಆದ್ರೆ ಕೂಡ್ಲೇ ಆಸ್ಪತ್ರೆಗೆ ಹೋಗ್ಬೇಕು?

ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು, ಎದೆನೋವು, ಕೆಮ್ಮಿನಲ್ಲಿ ರಕ್ತ ಕಂಡರೆ ಒಂದು ನಿಮಿಷವೂ ಕಾಯದೆ 108ಕ್ಕೆ ಕರೆ ಮಾಡಿ. ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗಿರಬಹುದು. ಮೀನಖಂಡ ಗಟ್ಟಿಯಾಗಿ ಊದಿ ಮುಟ್ಟಿದರೆ ನೋಯುತ್ತಿದ್ದರೆ ಅದೇ ದಿನ ತೋರಿಸಿ, ಆ ಕಾಲನ್ನು ತಿಕ್ಕಬೇಡಿ. ಗಾಯದಿಂದ ನೀರು ಅಥವಾ ಕೀವು ಸೋರುವುದು, ದಿನದಿಂದ ದಿನಕ್ಕೆ ಹರಡುವ ಕೆಂಪು, ಚಳಿಜ್ವರ, ಕಡಿಮೆಯಾಗಿದ್ದ ನೋವು ಮತ್ತೆ ಏರುವುದು ಸೋಂಕಿನ ಲಕ್ಷಣಗಳು. ಬಿದ್ದ ಮೇಲೆ ಕಾಲು ಎತ್ತಲು ಬರದಿದ್ದರೆ ನಡೆಸಿ ನೋಡಬೇಡಿ. ಸಕ್ಕರೆ ಕಾಯಿಲೆ ಇರುವವರು ಸಣ್ಣ ಸೋರಿಕೆಯನ್ನೂ ಹಗುರವಾಗಿ ಕಾಣಬಾರದು.

## ತೋಟ, ಕೊಟ್ಟಿಗೆ, ಪ್ರಯಾಣ

ನೆಲದ ಮೇಲೆ ಕೂರಬಹುದಾ? ಊಟದ ಪಂಕ್ತಿ, ದೇವರ ಪೂಜೆ, ಅಡಿಕೆ ಸುಲಿಯೋದು ಎಲ್ಲ ಹೇಗೆ?

ಇದು ಬರೀ ಮಂಡಿಯ ಪ್ರಶ್ನೆಯಲ್ಲವೆಂದು ನನಗೆ ಗೊತ್ತು. ಐವತ್ತು ವರ್ಷ ಮಣೆಯ ಮೇಲೆ ಕುಳಿತು ಮೆಟ್ಟುಗತ್ತಿಯಲ್ಲಿ ಅಡಿಕೆ ಸುಲಿದ ಹೆಂಗಸಿಗೆ, ಎಲ್ಲರೂ ಸುತ್ತ ಕುಳಿತು ಸುಲಿಯುವಾಗ ತಾನೊಬ್ಬಳೇ ಕುರ್ಚಿಯ ಮೇಲಿರುವುದು ಹೇಗೆನಿಸುತ್ತದೆಂದು ಕಂಡಿದ್ದೇನೆ.

ಕುಕ್ಕರುಗಾಲಲ್ಲಿ ಕೂರಲು 130 ಡಿಗ್ರಿಗಿಂತ ಹೆಚ್ಚು ಬಾಗಬೇಕು, ಚಕ್ಕಳಮಕ್ಕಳಕ್ಕೆ ಬಾಗುವಿಕೆಯ ಜೊತೆಗೆ ತಿರುಚುವಿಕೆಯೂ ಸೇರುತ್ತದೆ. ಹೆಚ್ಚು ಬಾಗುವಂತೆ ರೂಪಿಸಿದ ಕೀಲುಗಳೆಂದು ಮಾರುವವುಗಳಿಂದಲೂ ಎಲ್ಲರಿಗೂ ಅಷ್ಟು ಬರುವುದಿಲ್ಲ. ಕೆಲವರಿಗೆ ಕೂರಲು ಸಾಧ್ಯವಾಗುತ್ತದೆ. ಅವರಿಗೂ ಅಪರೂಪಕ್ಕೊಮ್ಮೆ, ಸ್ವಲ್ಪ ಹೊತ್ತು ಎನ್ನುತ್ತೇವೆ, ಏಕೆಂದರೆ ಆಳವಾಗಿ ಬಾಗಿದಾಗ ಒತ್ತಡವೆಲ್ಲ ಪ್ಲಾಸ್ಟಿಕ್ ತಟ್ಟೆಯ ಹಿಂಭಾಗಕ್ಕೆ ಬೀಳುತ್ತದೆ. ದಿನದ ಕೆಲಸಕ್ಕೆ ಕುಕ್ಕರುಗಾಲು ಬೇಡ. ಹಾಲು ಕರೆಯಲು ಎತ್ತರದ ಸ್ಟೂಲು, ತರಕಾರಿ ಹೆಚ್ಚಲು ಕಟ್ಟೆಯ ಮೇಲಿನ ಚಾಕು, ಅಡಿಕೆ ಸುಲಿಯಲು ಗಟ್ಟಿ ಬೆಂಚಿನ ಮೇಲೆ ಕತ್ತಿ. ಸುಲಿಯುವ ಉಳಿದವರನ್ನೂ ಬೆಂಚಿಗೆ ಹತ್ತಿಸಿದ ಮನೆಗಳಿವೆ. ಅವರ ಮಂಡಿಗೂ ಅದು ಒಳ್ಳೆಯದೇ.

ಆದರೆ ನೆಲದಿಂದ ಏಳುವುದನ್ನು ಮಾತ್ರ ಎಲ್ಲರೂ ಕಲಿಯಬೇಕು, ಬಿದ್ದರೆ ಏಳಬೇಕಲ್ಲ. ಮೂರನೆಯ ತಿಂಗಳ ನಂತರ ಫಿಸಿಯೋಥೆರಪಿಸ್ಟ್ ಜೊತೆಯಲ್ಲಿದ್ದಾಗ, ದಪ್ಪ ಹಾಸಿಗೆಯ ಮೇಲೆ ಪಕ್ಕಕ್ಕೆ ಹೊರಳಿ, ಕೈ ಮತ್ತು ಒಳ್ಳೆಯ ಮಂಡಿಯ ಮೇಲೆ ಭಾರ ಹಾಕಿ, ಆಪರೇಷನ್ ಆದ ಕಾಲಿನ ಪಾದವನ್ನು ಮುಂದೆ ಊರಿ, ಗಟ್ಟಿ ಕುರ್ಚಿ ಹಿಡಿದು ಏಳುವುದನ್ನು ಅಭ್ಯಾಸ ಮಾಡಿ. ಹೊಸ ಮಂಡಿಯೂರಿದರೆ ಕೀಲು ಕೆಡುವುದಿಲ್ಲ, ಆದರೆ ಮರಗಟ್ಟಿದ ಚರ್ಮಕ್ಕೆ ಮುಳ್ಳು ಚುಚ್ಚಿದಂತೆ ಅನಿಸುವುದರಿಂದ ಮೆತ್ತನೆಯ ದಿಂಬು ಬೇಕಾಗುತ್ತದೆ.

ತೋಟಕ್ಕೆ ಯಾವಾಗ ಹೋಗಬಹುದು?

ಅಂಗಳದಲ್ಲಿ ಕೋಲಿಲ್ಲದೆ ಅರ್ಧಗಂಟೆ ಕುಂಟದೆ ನಡೆಯಲು ಬಂದ ಮೇಲೆ, ಎಂದರೆ ಹೆಚ್ಚಿನವರಿಗೆ ಮೂರು ತಿಂಗಳ ಸುಮಾರಿಗೆ, ನಡೆದು ನೋಡಿಬರಲು ಹೋಗಬಹುದು. ಇಳಿಜಾರಿನಲ್ಲಿ ಇಳಿಯುವಾಗ ಮಂಡಿಗೆ ದೇಹದ ತೂಕದ ಮೂರು ಪಟ್ಟಿಗೂ ಹೆಚ್ಚು ಭಾರ ಬೀಳುತ್ತದೆ, ಆದ್ದರಿಂದ ಕೋಲು ಜೊತೆಗಿರಲಿ, ಹೆಜ್ಜೆ ಚಿಕ್ಕದಿರಲಿ, ಹವಾಯಿ ಚಪ್ಪಲಿ ಬೇಡ. ಎರಡು ಅಡಿಕೆ ಮರ ಅಡ್ಡ ಹಾಕಿದ ಸಂಕವನ್ನು ಮಳೆಗಾಲದಲ್ಲಿ ದಾಟಬೇಡಿ, ಮಂಡಿ ಎಷ್ಟೇ ಚೆನ್ನಾಗಿದ್ದರೂ. ಅಗಳು ಹಾರುವುದು, ಗೊಬ್ಬರದ ಬುಟ್ಟಿ ಹೊತ್ತು ಏರುವುದು ಇನ್ನು ಮುಂದೆ ಬೇರೆಯವರ ಕೆಲಸ.

ಕಾಲಿನ ಸಣ್ಣ ಗಾಯಗಳನ್ನು ಕಡೆಗಣಿಸಬೇಡಿ. ಉಂಬಳ ಕಚ್ಚಿದ ಜಾಗ ಕೆರೆದು ಕೀವಾದರೆ, ಬೆರಳ ಸಂದಿಯಲ್ಲಿ ಕೆಸರುಹುಣ್ಣಾದರೆ, ಆ ರೋಗಾಣು ರಕ್ತದ ಮೂಲಕ ಕೃತಕ ಕೀಲಿಗೆ ತಲುಪಬಲ್ಲದು, ವರ್ಷಗಳ ನಂತರವೂ. ಹಲ್ಲು ಕೀಳಿಸುವ ಮೊದಲೂ ಮಂಡಿ ಬದಲಾವಣೆಯಾಗಿದೆ ಎಂದು ದಂತವೈದ್ಯರಿಗೆ ಹೇಳಿ.

ಬಸ್ಸು, ಕಾರು, ಬೈಕು?

ಬಸ್ಸಿನ ಮೊದಲ ಮೆಟ್ಟಿಲು ತುಂಬ ಎತ್ತರ, ಆರು ವಾರವಾದರೂ ಕಳೆಯಲಿ. ಘಟ್ಟದ ತಿರುವುಗಳಲ್ಲಿ ನಿಂತು ಪ್ರಯಾಣಿಸಬೇಡಿ, ಗಂಟೆಗೊಮ್ಮೆ ಕಾಲು ಚಾಚಿ ಪಾದ ಆಡಿಸಿ. ಕಾರು ಓಡಿಸುವುದು ಸುಮಾರು ಆರು ವಾರಕ್ಕೆ, ಒಮ್ಮೆಲೇ ಬ್ರೇಕು ಒತ್ತಲು ನೋವಾಗದಿದ್ದರೆ, ಮಂಪರು ತರುವ ಮಾತ್ರೆ ನಿಂತಿದ್ದರೆ. ಬೈಕು, ಸ್ಕೂಟರು ಮೂರು ತಿಂಗಳ ನಂತರ. ಅಲ್ಲಿ ಭಯವಿರುವುದು ಓಡಿಸುವುದರಲ್ಲಿ ಅಲ್ಲ, ಜಲ್ಲಿಯ ಮೇಲೆ ಕಾಲೂರುವುದರಲ್ಲಿ. ಶಿವಮೊಗ್ಗದ ಸೋಗಾನೆಯ ವಿಮಾನ ನಿಲ್ದಾಣದಲ್ಲಿ ಲೋಹಶೋಧಕ ಸದ್ದು ಮಾಡಿದರೆ ಗಾಬರಿಯಾಗಬೇಡಿ, ಮಂಡಿಯಲ್ಲಿ ಲೋಹವಿದೆ ಎಂದು ಹೇಳಿದರೆ ಕೈಯಿಂದ ಪರೀಕ್ಷಿಸಿ ಬಿಡುತ್ತಾರೆ.

ಹಾಕಿದ ಮಂಡಿ ಎಷ್ಟು ವರ್ಷ ಬರತ್ತೆ? ವ್ಯಾಯಾಮ ಯಾವಾಗ ನಿಲ್ಲಿಸಬಹುದು?

ಪೂರ್ತಿ ಬದಲಾಯಿಸಿದ ಹತ್ತು ಮಂಡಿಗಳಲ್ಲಿ ಸುಮಾರು ಎಂಟು 25 ವರ್ಷ ಬಾಳುತ್ತವೆ. ತೂಕ ಹಿಡಿತದಲ್ಲಿರುವುದು, ಓಟ ಮತ್ತು ಜಿಗಿತಗಳಿಂದ ದೂರವಿರುವುದು, ಸೋಂಕನ್ನು ಹತ್ತಿರ ಬಿಡದಿರುವುದು ಅದಕ್ಕೆ ನೆರವಾಗುತ್ತದೆ.

ನೋವು ಹೋದಕೂಡಲೇ ಹೆಚ್ಚಿನವರು ಎರಡನೆಯ ತಿಂಗಳಲ್ಲೇ ವ್ಯಾಯಾಮ ಬಿಡುತ್ತಾರೆ. ಬಾಗುವಿಕೆಯ ಬಹುಪಾಲು ಮೂರು ತಿಂಗಳಲ್ಲಿ ಬಂದಿರುತ್ತದೆ ನಿಜ, ಆದರೆ ತೊಡೆಯ ಬಲ ಒಂದು ವರ್ಷದವರೆಗೂ ಬೆಳೆಯುತ್ತದೆ, ಅದೂ ಕೆಲಸ ಕೊಟ್ಟರೆ ಮಾತ್ರ. ಮೂರನೆಯ ತಿಂಗಳಿಂದ ಮಲಗಿ ಮಾಡುವ ವ್ಯಾಯಾಮಗಳನ್ನು ಬಿಟ್ಟು ನಿಂತು ಮಾಡುವವುಗಳಿಗೆ ಬನ್ನಿ: ಕೈಯೂರದೆ ಕುರ್ಚಿಯಿಂದ ಎದ್ದು ಕೂರುವುದು ಹತ್ತು ಸಲ, ಜಗಲಿಯ ತಗ್ಗಿನ ಮೆಟ್ಟಿಲನ್ನು ಆಪರೇಷನ್ ಆದ ಕಾಲಿನಿಂದಲೇ ಹತ್ತಿ ಹಿಂದಕ್ಕೆ ಇಳಿಯುವುದು ಹತ್ತು ಸಲ, ಕಂಬ ಹಿಡಿದು ಒಂದೇ ಕಾಲಿನ ಮೇಲೆ ಹತ್ತು ಎಣಿಸುವವರೆಗೆ ನಿಲ್ಲುವುದು. ಇಷ್ಟಕ್ಕೆ ಬೇಕಾದದ್ದು ಬೆಳಗಿನ ಕಾಲುಗಂಟೆ. ಇನ್ನೊಂದು ಮಂಡಿಯೂ ಸವೆದಿದ್ದರೆ ಅದಕ್ಕೂ ಇವೇ ವ್ಯಾಯಾಮಗಳನ್ನು ಮಾಡಿಸಿ. ಅದರ ಆಪರೇಷನ್ ಮುಂದೆ ಹೋಗಬಹುದು, ಮಾಡಿಸಲೇಬೇಕಾಗಿ ಬಂದರೂ ಬಲವಿರುವ ತೊಡೆಯೊಂದಿಗೆ ಒಳಗೆ ಹೋದ ಕಾಲು ಬೇಗ ನಡೆಯುತ್ತದೆ.